ಚಂದ್ರನ ಚಿತ್ರ: ಒಂದು ನೋಟದಿಂದ ಸಾವಿರ ನೋಟಕ್ಕೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಇಸ್ರೋದ ಎಂ.ಸಿ.ಎಫ್. ಕೇಂದ್ರ ಪರಿಚಿತ. 1982ರಿಂದ ಅಲ್ಲಿ ಭೂಸ್ಥಿರ ಉಪಗ್ರಹಗಳ ನಿಯಂತ್ರಣ ನಡೆದಿದೆ. ಆಕಾಶವಿಜ್ಞಾನವೆಂದರೆ ಇಂತಹ ದೊಡ್ಡ ಸಂಸ್ಥೆಗಳ ಕೆಲಸವೆಂದೇ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮಕ್ಕಳು ಭಾವಿಸುವುದುಂಟು. ಚಂದ್ರನ ಛಾಯಾಚಿತ್ರದ ಇತಿಹಾಸ ಬೇರೆಯೇ ಪಾಠ ಹೇಳುತ್ತದೆ.

1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್, ಬೆಳ್ಳಿ ಲೇಪಿಸಿದ ತಗಡನ್ನು ಸುಮಾರು 20 ನಿಮಿಷ ಬೆಳಕಿಗೊಡ್ಡಿ ಚಂದ್ರಬಿಂಬವನ್ನು ಹಿಡಿದರು. ಮುಂದೆ ದೂರದರ್ಶಕಗಳು ದೊಡ್ಡವಾದವು, ಫಿಲಂ ಚುರುಕಾಯಿತು. ಆದರೂ ಸದಾ ಕದಡುವ ವಾಯುಮಂಡಲವು ಸೂಕ್ಷ್ಮ ವಿವರಗಳನ್ನು ಅಳಿಸುತ್ತಲೇ ಇತ್ತು. ಕ್ಷಣಮಾತ್ರದ ಅನೇಕ ಚಿತ್ರಗಳನ್ನು ತೆಗೆದರೆ ಕೆಲವಾದರೂ ಗಾಳಿ ನಿಶ್ಚಲವಾದಾಗ ಮೂಡಿರುತ್ತವೆ. ಅದರ ಸಂಭವವೆಷ್ಟೆಂದು 1978ರಲ್ಲಿ ಡೇವಿಡ್ ಫ್ರೈಡ್ ಲೆಕ್ಕ ಹಾಕಿದರು.

ಈ ತತ್ತ್ವವನ್ನು ಹವ್ಯಾಸಿಗಳ ಕೈಗೆಟುಕಿಸಿದ್ದು ಅಗ್ಗದ ವೆಬ್‌ಕ್ಯಾಮ್. ಅದರ ಮಸೂರವನ್ನು ಕಳಚಿ, ದೂರದರ್ಶಕದಲ್ಲಿ ಕಣ್ಣಿಡುವ ಮಸೂರದ ಜಾಗಕ್ಕೆ ಜೋಡಿಸಿ, ಸಾವಿರಾರು ಫ್ರೇಮುಗಳ ವಿಡಿಯೊ ತೆಗೆದರು. 2002ರಲ್ಲಿ ಬಂದ, ನೆದರ್ಲೆಂಡ್ಸಿನ ಕೋರ್ ಬೆರೆವೂಟ್ಸ್ ಅವರ ಉಚಿತ ತಂತ್ರಾಂಶ 'ರೆಜಿಸ್ಟ್ಯಾಕ್ಸ್' ಅವುಗಳಲ್ಲಿ ಸ್ಪಷ್ಟವಾದವನ್ನು ಆರಿಸಿ, ಒಂದರ ಮೇಲೊಂದು ಹೊಂದಿಸಿ, ಒಂದೇ ಚಿತ್ರವಾಗಿಸಿತು. ಗುರು, ಶನಿ, ಮಂಗಳರಿಗೂ ಇದೇ ಕ್ರಮ.

ಹೊಸಬರಿಗೆ ಹುಣ್ಣಿಮೆಗಿಂತ ಶುಕ್ಲಪಕ್ಷದ ಅಷ್ಟಮಿಯೇ ಲೇಸು. ಅಂದು ಬೆಳಕು ಕತ್ತಲೆಗಳ ಗಡಿಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು, ಆಳ ಎತ್ತರಗಳು ಎದ್ದುಕಾಣುತ್ತವೆ. ಮಳೆಗಾಲ ಕಳೆದ ಮೇಲೆ ನಮ್ಮ ಸೀಮೆಯ ಆಕಾಶ ತಿಳಿಯಾಗುತ್ತದೆ. ಶಾಲೆಗೊಂದು ಸಣ್ಣ ದೂರದರ್ಶಕ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್ ಇದ್ದರೆ ಸಾಕು.

ಪುಸ್ತಕದ ಚಂದ್ರನನ್ನು ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದೊಡನೆ ಮರೆಯಬಹುದು. ತಾನೇ ಹಿಡಿದ ಚಂದ್ರನನ್ನು ಮರೆಯಲಾರದು.