ರಕ್ತದ ಚೀಲದೊಳಗೊಂದು ಬಗ್

ಕಳೆದ ವಾರ ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು. ಮಲಗಿಕೊಂಡು, ನಿಧಾನಕ್ಕೆ ತುಂಬುತ್ತಿದ್ದ ಚೀಲವನ್ನೇ ನೋಡ್ತಿದ್ದೆ. ಇಷ್ಟು ಮೆತ್ತಗಿರೋ ಪ್ಲಾಸ್ಟಿಕ್ ಯಾವುದಪ್ಪಾ ಅನ್ನೋ ಹುಳ ತಲೆಗೆ ಹೊಕ್ಕಿತು. ಮನೆಗೆ ಬಂದು ಹುಡುಕಿದಾಗ ಸಿಕ್ಕ ಕಥೆ ಇದು.

ಮೊದಲು ರಕ್ತ ಇಡುತ್ತಿದ್ದುದು ಗಾಜಿನ ಬಾಟಲಿಯಲ್ಲಿ. ಒಡೆಯುವ ಭಯ ಒಂದು, ರಕ್ತನಾಳಕ್ಕೆ ಗಾಳಿ ಹೊಕ್ಕುವ ಅಪಾಯ ಇನ್ನೊಂದು. 1950ರ ಸುಮಾರಿಗೆ ಅಮೆರಿಕದ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಜೂನಿಯರ್ ಪಿವಿಸಿ ಚೀಲ ರೂಪಿಸಿದರು. ರಕ್ತ ಖಾಲಿಯಾದಂತೆ ಚೀಲ ತಾನೇ ಕುಗ್ಗುತ್ತೆ, ಒಳಗೆ ಗಾಳಿ ಬಿಡುವ ಅಗತ್ಯವೇ ಇಲ್ಲ!

ಆದರೆ ಪಿವಿಸಿ ಅಂದ್ರೆ ನಮ್ಮನೆ ನೀರಿನ ಪೈಪಿನ ಜಾತಿ, ಗಟ್ಟಿ. ಮೆತ್ತಗಾಗಲು ಡಿಇಎಚ್‌ಪಿ ಅನ್ನೋ ಎಣ್ಣೆಯಂಥ ರಾಸಾಯನಿಕ ಬೆರೆಸ್ತಾರೆ, ಚೀಲದ ತೂಕದ ಸುಮಾರು ಮೂರನೇ ಒಂದು ಪಾಲು. ಅದು ಪ್ಲಾಸ್ಟಿಕ್‌ಗೆ ಬಿಗಿಯಾಗಿ ಅಂಟಿರಲ್ಲ, ಮೆಲ್ಲಗೆ ರಕ್ತಕ್ಕೆ ಇಳಿಯುತ್ತೆ. 1970ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಜೇಗರ್ ಮತ್ತು ರೂಬಿನ್ ಇದನ್ನು ತೋರಿಸಿಕೊಟ್ಟರು. ಮುಂದೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಗಂಡು ಮರಿಗಳ ವೃಷಣಕ್ಕೆ ಹಾನಿ ಮಾಡೋದು ಕಂಡುಬಂತು. ಹೆಚ್ಚು ರಕ್ತ ಬೇಕಾಗುವ ನವಜಾತ ಶಿಶುಗಳು, ಪದೇ ಪದೇ ರಕ್ತ ಪಡೆಯುವ ಥಲಸ್ಸೀಮಿಯಾ ಮಕ್ಕಳ ಬಗ್ಗೆ ಚಿಂತೆ ಶುರುವಾಗಿದ್ದು ಹೀಗೆ.

ಹಾಗಾದ್ರೆ ತೆಗೆದು ಬಿಸಾಕಬಹುದಿತ್ತಲ್ಲ? ಇಲ್ಲೇ ಇರೋದು ಮಜಾ. 1980ರ ದಶಕದ ಪ್ರಯೋಗಗಳಲ್ಲಿ ತಿಳಿದದ್ದು: ಇದೇ ಡಿಇಎಚ್‌ಪಿ ಕೆಂಪು ರಕ್ತಕಣಗಳ ಪೊರೆಗೆ ಸೇರಿಕೊಂಡು, ಅವು ಒಡೆಯದಂತೆ ಕಾಯುತ್ತೆ! ಕೆಂಪುಕಣಗಳನ್ನು 42 ದಿನ ಇಡೋಕೆ ಅದರ ನೆರವೂ ಇದೆ. ಹಳೇ ಕೋಡ್‌ನಲ್ಲಿ ಬಗ್ ಅಂತ ಒಂದು ಸಾಲು ಅಳಿಸಿದರೆ ಇಡೀ ಸಿಸ್ಟಮ್ ಮಗುಚಿಕೊಳ್ಳುತ್ತಲ್ಲ, ಥೇಟ್ ಹಾಗೆ.

ಬದಲಿಗೆ ಬಿಟಿಎಚ್‌ಸಿ, ಡಿಂಚ್ ಮುಂತಾದವು ಬಂದಿವೆ. ಆದರೆ ಬರೀ ಚೀಲ ಬದಲಿಸಿದರೆ ಸಾಲದು, ಕಣಗಳನ್ನು ಕಾಪಾಡುವ ದ್ರಾವಣವನ್ನೂ ಅದಕ್ಕೆ ಹೊಂದಿಸಬೇಕು, ಮತ್ತೆ ಪರೀಕ್ಷಿಸಬೇಕು. ಅದಕ್ಕೇ ಯುರೋಪ್ ಒಕ್ಕೂಟ 2023ರಲ್ಲಿ ವೈದ್ಯಕೀಯ ಸಾಧನಗಳಿಗೆ ಕೊಟ್ಟಿದ್ದ ಗಡುವನ್ನು 2030ರ ಜುಲೈವರೆಗೆ ಮುಂದೂಡಿತು.

ಇದನ್ನೋದಿ ರಕ್ತದಾನಕ್ಕೆ ಹಿಂಜರಿಯಬೇಡಿ ಮತ್ತೆ! ರಕ್ತ ಸಿಗದೇ ಇರೋದು ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ. ಆದರೆ ಆ ಪುಟ್ಟ ಮಕ್ಕಳಿಗಾಗಿಯಾದರೂ ಒಳ್ಳೇ ಚೀಲ ಬೇಗ ಬರಲಿ. ಏನಂತೀರಿ?