ಎಮ್ಮಿ ನೋಥರ್ ಮತ್ತು ನವೀನ ಬೀಜಗಣಿತದ ಉದಯ

ಸಮೀಕರಣಗಳನ್ನು ಬಿಡಿಸುವ ಉಪಾಯಗಳ ಸಂಗ್ರಹವೆಂದು ಬಹುಕಾಲ ಎಣಿಸಲ್ಪಟ್ಟಿದ್ದ ಬೀಜಗಣಿತವು, ಸಂಖ್ಯೆಗಳನ್ನೂ ಬಹುಪದೋಕ್ತಿಗಳನ್ನೂ ಒಂದೇ ನಿಯಮಕ್ಕೆ ಒಳಪಡಿಸಬಲ್ಲ ಅಮೂರ್ತ ರಚನೆಗಳ ಶಾಸ್ತ್ರವಾಗಿ ಪರಿಣಮಿಸಿದುದು ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ. ಡೆಡೆಕಿಂಡ್, ಹಿಲ್ಬರ್ಟ್, ಸ್ಟೈನಿಟ್ಸ್ ಮೊದಲಾದವರು ಇದಕ್ಕೆ ನೆಲವನ್ನು ಹದಗೊಳಿಸಿದ್ದರೆಂಬುದು ನಿಜವಾದರೂ, ಈ ಶಾಸ್ತ್ರಕ್ಕೆ ನಿಶ್ಚಿತವಾದೊಂದು ದೃಷ್ಟಿಯನ್ನೂ ವಿಧಾನವನ್ನೂ ಕೊಟ್ಟ ಕೀರ್ತಿ ಎಮ್ಮಿ ನೋಥರರಿಗೆ ಸಲ್ಲತಕ್ಕದ್ದು.

1882ರಲ್ಲಿ ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ, ಗಣಿತದ ಪ್ರಾಧ್ಯಾಪಕರಾದ ಮ್ಯಾಕ್ಸ್ ನೋಥರರ ಮಗಳಾಗಿ ಜನಿಸಿದ ಅವರು, 1907ರಲ್ಲಿ ಪಾಲ್ ಗೋರ್ಡಾನರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಗೋರ್ಡಾನರು ಲೆಕ್ಕಾಚಾರದ ಧುರಂಧರರು. ಶಿಷ್ಯೆಯ ಪ್ರಬಂಧವೂ ಅದೇ ಜಾಡಿನದು. ಮೂರು ಚರಗಳ ನಾಲ್ಕನೆಯ ಘಾತದ ರೂಪಕ್ಕೆ ಸಂಬಂಧಿಸಿದ 331 ನಿಶ್ಚರಗಳ, ಎಂದರೆ ಚರಗಳನ್ನು ಬದಲಾಯಿಸಿದರೂ ಮಾರ್ಪಡದ ಉಕ್ತಿಗಳ, ಪಟ್ಟಿಯೊಂದಿಗೆ ಅದು ಮುಗಿಯುತ್ತದೆ. ಆ ಕೃತಿಯ ಬಗ್ಗೆ ನೋಥರರಿಗೆ ಮುಂದೆ ಗೌರವ ಉಳಿಯಲಿಲ್ಲ. ಗೋರ್ಡಾನರ ತರುವಾಯ ಅಲ್ಲಿಗೆ ಬಂದ ಅರ್ನ್ಸ್ಟ್ ಫಿಷರರ ಸಹವಾಸದಿಂದ ಹಿಲ್ಬರ್ಟರ ಮಾರ್ಗ ಅವರಿಗೆ ಪರಿಚಯವಾಯಿತು. ಒಂದೊಂದು ನಿಶ್ಚರವನ್ನೂ ಕಷ್ಟಪಟ್ಟು ಬರೆದು ತೋರಿಸದೆ, ಸಾಂತವಾದ ಆಧಾರವೊಂದು ಇದ್ದೇ ತೀರಬೇಕೆಂದು 1890ರಲ್ಲಿ ಸಾಧಿಸಿದ್ದ ಆ ಮಾರ್ಗ ನೋಥರರ ಬುದ್ಧಿಯನ್ನು ಶಾಶ್ವತವಾಗಿ ಬೇರೆ ದಿಕ್ಕಿಗೆ ತಿರುಗಿಸಿತು.

1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನರ ಆಹ್ವಾನದಂತೆ ಗೊಟ್ಟಿಂಗೆನ್‌ಗೆ ಬಂದ ಈ ವಿದುಷಿಗೆ, ಹೆಣ್ಣೆಂಬ ಒಂದೇ ಕಾರಣದಿಂದ ಬೋಧನಾಧಿಕಾರ 1919ರವರೆಗೆ ದೊರೆಯಲಿಲ್ಲ. ಅವರ ಉಪನ್ಯಾಸಗಳು ಹಿಲ್ಬರ್ಟರ ಹೆಸರಿನಲ್ಲಿ ಘೋಷಿಸಲ್ಪಡುತ್ತಿದ್ದುವು. ಈ ಅವಧಿಯಲ್ಲಿಯೇ, ಪ್ರಕೃತಿಯ ಪ್ರತಿಯೊಂದು ನಿರಂತರ ಸಮ್ಮಿತಿಗೂ ಒಂದು ಸಂರಕ್ಷಣಾ ನಿಯಮವನ್ನು ಜೋಡಿಸುವ 1918ರ ಪ್ರಸಿದ್ಧ ಪ್ರಮೇಯ ಹೊರಬಂದಿತು. ಭೌತವಿಜ್ಞಾನಿಗಳು ಇವರನ್ನು ಸ್ಮರಿಸುವುದು ಅದರಿಂದಲೇ. ಆದರೆ ಗಣಿತದ ಅಂತರಂಗವನ್ನು ಬದಲಾಯಿಸಿದ ಕೃತಿ ಯಾವುದೆಂದು ಕೇಳಿದರೆ, 1921ರಲ್ಲಿ ಪ್ರಕಟವಾದ, ವಲಯಗಳ (ಎಂದರೆ ಕೂಡಿಸುವ, ಕಳೆಯುವ, ಗುಣಿಸುವ ಕ್ರಿಯೆಗಳಿರುವ ಸಮೂಹಗಳ) ಐಡಿಯಲ್ ಸಿದ್ಧಾಂತದ ಪ್ರಬಂಧವನ್ನೇ ನಾನು ಮೊದಲು ಹೆಸರಿಸುತ್ತೇನೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯ ಪೂರ್ಣಾಂಕಗಳಲ್ಲಿ 6 ಎಂಬುದು 2 ಮತ್ತು 3ರ ಗುಣಲಬ್ಧ. ಅದನ್ನು ಅವಿಭಾಜ್ಯಗಳಾಗಿ ಒಡೆಯಲು ಬೇರೆ ದಾರಿಯಿಲ್ಲ. −5ರ ವರ್ಗಮೂಲವನ್ನು ಪೂರ್ಣಾಂಕಗಳೊಡನೆ ಸೇರಿಸಿದೊಡನೆ, 1+√−5 ಮತ್ತು 1−√−5 ಇವುಗಳ ಗುಣಲಬ್ಧವೂ 6 ಆಗಿ, ಆ ಏಕತೆ ಮುರಿದುಬೀಳುತ್ತದೆ. ಒಂಟಿ ಸಂಖ್ಯೆಗಳಿಗೆ ಬದಲಾಗಿ ಐಡಿಯಲ್ ಎಂಬ ಸಂಖ್ಯಾಸಮೂಹಗಳನ್ನು ತೆಗೆದುಕೊಂಡು, ನಷ್ಟವಾದ ಏಕತೆಯನ್ನು ಡೆಡೆಕಿಂಡರು ಮರಳಿ ಪಡೆದರು. ಬಹುಪದೋಕ್ತಿಗಳ ವಲಯದಲ್ಲಿ ಇದಕ್ಕೆ ಸದೃಶವಾದ ವಿಭಜನೆಯನ್ನು 1905ರಲ್ಲಿ ಸಾಧಿಸಿದವರು, ಚದುರಂಗದ ವಿಶ್ವವಿಜೇತರೂ ಆಗಿದ್ದ ಇಮಾನುಯೆಲ್ ಲಾಸ್ಕರ್. ಆದರೆ ಅವರ ಸಾಧನೆ ತೊಡಕಾದ ಗಣನೆಗಳಿಂದ ತುಂಬಿತ್ತು. ನೋಥರರು ಕೇಳಿದ ಪ್ರಶ್ನೆ ಬೇರೆ: ಈ ಫಲವನ್ನು ಪಡೆಯಲು ನಿಜವಾಗಿ ಎಷ್ಟು ಬೇಕು? ಉದಾಹರಣೆಗೆ, 12ರ ಅಪವರ್ತ್ಯಗಳ ಸಮೂಹ ಒಂದು ಐಡಿಯಲ್; ಅದು 6ರ ಅಪವರ್ತ್ಯಗಳಲ್ಲಿ ಅಡಗಿದೆ, ಅದು 3ರ ಅಪವರ್ತ್ಯಗಳಲ್ಲಿ, ಅದು ಸಮಸ್ತ ಪೂರ್ಣಾಂಕಗಳಲ್ಲಿ. ಅಲ್ಲಿಂದ ಮುಂದಕ್ಕೆ ಏರಲು ಎಡೆಯಿಲ್ಲ. ಐಡಿಯಲ್‌ಗಳ ಇಂತಹ ಆರೋಹಣ ಸರಣಿ ಪ್ರತಿಯೊಂದೂ ಎಲ್ಲಿಯಾದರೂ ನಿಲ್ಲಲೇಬೇಕೆಂಬ ಒಂದೇ ನಿಬಂಧನೆ ಸಾಕು, ಲಾಸ್ಕರರ ವಿಭಜನೆ ತಾನಾಗಿ ಒದಗುತ್ತದೆಂದು ಅವರು ತೋರಿಸಿಕೊಟ್ಟರು. ಆ ನಿಬಂಧನೆಯನ್ನು ಪಾಲಿಸುವ ವಲಯಗಳಿಗೆ ಇಂದು ಅವರದೇ ಹೆಸರು.

1927ರಲ್ಲಿ, ಡೆಡೆಕಿಂಡರ ಸಿದ್ಧಾಂತವು ಪೂರ್ಣವಾಗಿ ಸಿದ್ಧಿಸುವ ವಲಯಗಳನ್ನು ಐದು ಸೂತ್ರಗಳಿಂದ ಗುರುತಿಸಿದ ಅವರು, ಆಮೇಲೆ ಗುಣಾಕಾರದ ಕ್ರಮ ಬದಲಾದರೆ ಫಲವೂ ಬದಲಾಗುವ ಬೀಜಗಣಿತಗಳತ್ತ ತಿರುಗಿದರು. ಬ್ರೌವರ್ ಮತ್ತು ಹಾಸ್ಸೆಯವರೊಡನೆ ಕೂಡಿ ಸಾಧಿಸಿದ 1932ರ ಪ್ರಮೇಯ ಆ ಪರಿಶ್ರಮದ ಶಿಖರ. ಬರೆದುದಕ್ಕಿಂತಲೂ ಹೇಳಿದುದರಿಂದ ಹೆಚ್ಚು ಬೆಳೆಯಿಸಿದ ವಿರಳ ಗುರುಗಳಲ್ಲಿ ಅವರೊಬ್ಬರು. ಟೊಪಾಲಜಿಯಲ್ಲಿ ಬರಿಯ ಸಂಖ್ಯೆಗಳಿಗೆ ಬದಲಾಗಿ ಗ್ರೂಪುಗಳನ್ನೇ ಪರಿಶೀಲಿಸಬೇಕೆಂಬ ಸೂಚನೆಯೂ ಅವರಿಂದಲೇ ಬಂದುದು. ಹಾಲೆಂಡಿನಿಂದ ಬಂದ ವಾನ್ ಡೆರ್ ವಾರ್ಡನ್ ಎಂಬ ತರುಣ, ನೋಥರ್ ಮತ್ತು ಆರ್ಟಿನರ ಉಪನ್ಯಾಸಗಳನ್ನು ಆಧರಿಸಿ 1930-31ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ‘ಮಾಡರ್ನೆ ಆಲ್ಗೆಬ್ರಾ’ ಈ ದೃಷ್ಟಿಯನ್ನು ಜಗತ್ತಿನ ಪಾಠಶಾಲೆಗಳಿಗೆ ಮುಟ್ಟಿಸಿತು.

1933ರಲ್ಲಿ ನಾಟ್ಸಿ ಸರಕಾರವು ಯೆಹೂದ್ಯರೆಂಬ ಕಾರಣದಿಂದ ಅವರನ್ನು ಕೆಲಸದಿಂದ ತೆಗೆದುಹಾಕಿತು. ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ ಆಶ್ರಯ ಪಡೆದು ಎರಡು ವರ್ಷವೂ ತುಂಬುವ ಮೊದಲೇ, 1935ರ ಏಪ್ರಿಲ್ 14ರಂದು, ಶಸ್ತ್ರಚಿಕಿತ್ಸೆಯ ತರುವಾಯ ಅವರು ನಿಧನರಾದರು. ಆಗ ಅವರಿಗೆ 53 ವರ್ಷ. ನಮ್ಮ ಕಾಲೇಜುಗಳಲ್ಲಿ ವಲಯ, ಐಡಿಯಲ್‌ಗಳ ಲಕ್ಷಣಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು, ನಲವತ್ತಕ್ಕೆ ತುಸು ಮಿಕ್ಕ ಪುಟಗಳಷ್ಟೇ ಇರುವ 1921ರ ಆ ಪ್ರಬಂಧವನ್ನು ಒಮ್ಮೆಯಾದರೂ ಸಾವಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.