ಪೇಷೆಂಟ್ ಕಡೆಯವರು

ಮಧುರೆ ಹೋಬಳಿಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ದೊಡ್ಡಬಳ್ಳಾಪುರದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಬೆಂಗಳೂರಿಗೆ ಬರೆದುಕೊಡುತ್ತಾರೆ. ರೋಗಿಗೆ ಹಾಸಿಗೆ ಸಿಗುತ್ತದೆ. ಜೊತೆಗೆ ಹೋದವರ ಪಾಲಿಗೆ ಚಾಪೆ, ಫ್ಲಾಸ್ಕು, ಕಂಕುಳಲ್ಲಿ ಫೈಲು, ಬಾಗಿಲಲ್ಲಿ ತೋರಿಸಲು ಪಾಸು. ರಕ್ತಕ್ಕೆ, ಸ್ಕ್ಯಾನಿಂಗಿಗೆ, ಔಷಧಿಗೆ ಓಡುವವರು ಇವರೇ. ಊರಲ್ಲಿ ಹಸು ಕರೆಯುವವರು ಯಾರು ಎಂಬ ಚಿಂತೆಯೂ ಇವರದೇ. ಇವರಿಗೂ ಆಸರೆ ಬೇಕೆಂಬುದು ಆಸ್ಪತ್ರೆಗಳಿಗೆ ಮನದಟ್ಟಾಗಲು ಬಹಳ ಕಾಲ ಹಿಡಿಯಿತು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ, ವಾಣಿವಿಲಾಸ 1935ರಲ್ಲಿ ಶುರುವಾದವು; ಜೊತೆಗೆ ಬಂದವರತ್ತ ಗಮನ ಹರಿದದ್ದು ಆಮೇಲೆ. ಮುಂಬಯಿಯ ಜೆ.ಜೆ. ಆಸ್ಪತ್ರೆ 1946ರಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಂಡಿತು. ಆದರೆ ಮನೆಯವರನ್ನು ಒಳಗೆ ಕರೆದದ್ದು, ನನ್ನ ಪ್ರಕಾರ, ಮಾನಸಿಕ ಆಸ್ಪತ್ರೆಗಳು. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆಗಳಲ್ಲಿ ಇರಿಸಿಕೊಂಡು, ಕಾಯಿಲೆ ಏನೆಂದು ಅವರಿಗೂ ತಿಳಿಹೇಳಿದರು. ವೆಲ್ಲೂರಿನ ಸಿಎಂಸಿ ಅದೇ ಜಾಡು ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದವರ ಜೊತೆಗೇ ಕೂತು ಚಿಕಿತ್ಸೆ ಕೊಡುವ ವಿಭಾಗವೇ ಬೆಳೆಯಿತು.

ಕ್ಯಾನ್ಸರ್ ಬೇರೆ ಬಗೆಯ ಆಸರೆ ಕೇಳಿತು. ಕೀಮೋ, ರೇಡಿಯೇಷನ್ ಎಂದು ವಾರಗಟ್ಟಲೆ ನಗರದಲ್ಲಿ ಇರಬೇಕಾದವರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಬಳಿ ಇನ್ಫೋಸಿಸ್ ಪ್ರತಿಷ್ಠಾನ ಧರ್ಮಶಾಲೆ ಕಟ್ಟಿಸಿತು. ಗುಣವಾಗದ ಹಂತ ತಲುಪಿದವರಿಗೆ 1999ರಿಂದ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಹಣ ಪಡೆಯದೆ ಆರೈಕೆ ಕೊಡುತ್ತಿದೆ, ಮನೆಯವರಿಗೂ ಸಮಾಧಾನ ಹೇಳುತ್ತದೆ. ಖರ್ಚಿನ ಭಾರಕ್ಕೆ 2003ರಲ್ಲಿ ಯಶಸ್ವಿನಿ ಯೋಜನೆ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕ. ಇಂಥ ಯೋಜನೆಗಳ ಕಾರ್ಡಿನ ಕೆಲಸಕ್ಕೆ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಎಂಬ ಸಹಾಯಕರು ಕೂತರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕಲಿಸುವ ಕೆಲಸ. ನಾರಾಯಣ ಹೃದಯಾಲಯದ ಆಸ್ಪತ್ರೆಗಳಲ್ಲಿ ಶುರುವಾದ, 2014ರಲ್ಲಿ ಸ್ಥಾಪನೆಯಾದ ನೂರಾ ಹೆಲ್ತ್ ಸಂಸ್ಥೆಯ ಕಾರ್ಯಕ್ರಮದಲ್ಲಿ ನರ್ಸು ರೋಗಿಯ ಕಡೆಯವರನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ: ಕೈ ತೊಳೆಯುವುದು, ಗಾಯ ನೋಡಿಕೊಳ್ಳುವುದು, ಯಾವ ಲಕ್ಷಣ ಕಂಡರೆ ತಡಮಾಡದೆ ವಾಪಸು ಬರಬೇಕು ಎಂಬುದು. ಅಡುಗೆಗೆ ಉಪ್ಪು ಹಾಕುವವರು, ಮಾತ್ರೆ ನೆನಪಿಸುವವರು ಅವರೇ ಅಲ್ಲವೇ? ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಈ ಪಾಠ ಬಂದಿದೆ.

ಹಸುಗೂಸುಗಳ ವಿಷಯದಲ್ಲಂತೂ ತಾಯಿ ಪಕ್ಕದಲ್ಲಿರುವುದೇ ಚಿಕಿತ್ಸೆ ಎಂದಾಗಿದೆ. ತೂಕ ಕಡಿಮೆಯ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅವಚಿಡುವ ಕಾಂಗರೂ ಆರೈಕೆಯನ್ನು ನಮ್ಮ ಕೊಪ್ಪಳ ಜಿಲ್ಲೆ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದ ಕೂಸುಗಳಲ್ಲಿ 28 ದಿನದೊಳಗಿನ ಸಾವು ಶೇ. 12 ಇತ್ತು, ಉಳಿದವುಗಳಲ್ಲಿ ಶೇ. 15.7. ಅದಕ್ಕಾಗಿ ಐಸಿಯು ಒಳಗೇ ತಾಯಿಗೂ ಮಂಚ ಹಾಕಿದ್ದರು. ಬಾಣಂತಿಯನ್ನು ಗಾಜಿನಾಚೆ ನಿಲ್ಲಿಸುವ ಪದ್ಧತಿಗೆ ಇನ್ನು ಸಮರ್ಥನೆಯಿಲ್ಲ.

ಇಷ್ಟೆಲ್ಲ ಆಗಿದ್ದು ಬಹುಪಾಲು ದೊಡ್ಡ ಆಸ್ಪತ್ರೆಗಳೊಳಗೆ. ಊರಿಂದ ಹೊರಡುವವರಿಗೆ ದಿಕ್ಕು ತಪ್ಪುವುದು ಅದಕ್ಕೂ ಮುಂಚೆ. ತಾಲ್ಲೂಕು ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಬರೆಯುವಾಗಲೇ ಯಾವ ಕೌಂಟರಿಗೆ ಹೋಗಬೇಕು, ಯಾವ ಕಾರ್ಡು ಒಯ್ಯಬೇಕು, ಜೊತೆಗಿರುವವರು ರಾತ್ರಿ ಎಲ್ಲಿ ತಂಗಬಹುದು ಎಂದು ಕೂರಿಸಿಕೊಂಡು ಹೇಳುವ ಒಬ್ಬರನ್ನು ನೇಮಿಸಬೇಕು. ಅದಕ್ಕೆ ಹೊಸ ಕಟ್ಟಡವೇನೂ ಬೇಡ, ಆಂಬುಲೆನ್ಸ್ ಹತ್ತುವ ಮುಂಚೆ ಹತ್ತು ನಿಮಿಷ ಸಾಕು.